ಫೋನಿಗೆ ಲಸಿಕೆ ಬೇಕೇ?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿ ಹಬ್ಬದ ಭಾಷಣ ಎಂದರೆ ಸಹಕಾರ ತತ್ತ್ವದ ಬಗ್ಗೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಮೊದಲ ಸಂಘದ ಬಗ್ಗೆ ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ವೇದಿಕೆಯ ಮೇಲೆಯೇ ಇದ್ದಾರೆ. ನನಗೆ ಒಪ್ಪಿಸಿರುವ ವಿಷಯ ಬೇರೆ. ನಮ್ಮ ಜೇಬಿನಲ್ಲಿರುವ ಸ್ಮಾರ್ಟ್ ಫೋನಿಗೆ ಆಂಟಿವೈರಸ್ ಬೇಕೋ ಬೇಡವೋ ಎಂಬುದು.

ಈ ವಿಷಯ ಎಲ್ಲಿಂದ ಬಂತು ಎಂಬುದು ನಿಮಗೆಲ್ಲ ಗೊತ್ತು. ಬರುವ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಚರ್ಚೆಗೆ ಬರಲಿದೆ. ಪ್ರತಿ ಸದಸ್ಯರ ಬಟವಾಡೆಯಲ್ಲಿ ವರ್ಷಕ್ಕೆ 300 ರೂಪಾಯಿ ಹಿಡಿದು, ಎಲ್ಲರ ಫೋನಿಗೂ ಒಂದೇ ಸಲ ಆಂಟಿವೈರಸ್ ಹಾಕಿಸಬೇಕು ಎಂಬುದು ಆ ನಿರ್ಣಯ. ತಂದವರ ಉದ್ದೇಶ ಒಳ್ಳೆಯದು. ಹಾಲಿನ ಹಣ, ಸರ್ಕಾರದ ಪ್ರೋತ್ಸಾಹಧನ, ಕಿಸಾನ್ ಕಂತು, ಗೃಹಲಕ್ಷ್ಮಿ ಹಣ, ಎಲ್ಲವೂ ಈಗ ನೇರ ಖಾತೆಗೆ ಬೀಳುತ್ತದೆ, ಆ ಖಾತೆಯ ಬೀಗದ ಕೈ ಫೋನಿನಲ್ಲಿ ಇರುತ್ತದೆ. ಮೊದಲು ಕಳ್ಳ ಬರಬೇಕಾದರೆ ಹಂಚು ತೆಗೆದು ಇಳಿಯಬೇಕಿತ್ತು. ಈಗ ಅವನು ಯಾವುದೋ ರಾಜ್ಯದಲ್ಲಿ ಕೂತು ನಿಮ್ಮ ಎರಡು ಬಟವಾಡೆ ಹೊತ್ತುಕೊಂಡು ಹೋಗುತ್ತಾನೆ. ಹೆದರಿಕೆ ಸಹಜ. ಆದರೆ ಈ ನಿರ್ಣಯವನ್ನು ಒಪ್ಪಬೇಡಿ ಎಂದು ಮೊದಲಿಗೇ ಹೇಳಿಬಿಡುತ್ತೇನೆ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿ ಆಮೇಲೆ ನೀವೇ ತೀರ್ಮಾನ ಮಾಡಿ.

ವೈರಸ್ ಎಂಬ ಹೆಸರು ಫೋನಿಗಿಂತ ಮೊದಲು ಕಂಪ್ಯೂಟರಿಗೆ ಬಂದದ್ದು. 1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಎಂಬ ಸಣ್ಣ ಕಾರ್ಯಕ್ರಮ ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಾ ಊರೂರು ದಾಟಿತು. ಆಗಿನ ಕಂಪ್ಯೂಟರಿನ ರಚನೆ ಹೇಗಿತ್ತೆಂದರೆ, ಒಳಗೆ ಬಂದ ಯಾವ ಕಾರ್ಯಕ್ರಮ ಬೇಕಾದರೂ ಎಲ್ಲಿ ಬೇಕಾದರೂ ಕೈ ಹಾಕಬಹುದಿತ್ತು. ಒಂದು ದೊಡ್ಡ ದೊಡ್ಡಿಯಲ್ಲಿ ಹಗ್ಗವಿಲ್ಲದೆ ಬಿಟ್ಟ ದನಗಳ ಹಾಗೆ. ಒಂದಕ್ಕೆ ಕಾಲುಬಾಯಿ ಜ್ವರ ಬಂದರೆ ಸಾಕು, ಸಂಜೆಯೊಳಗೆ ಎಲ್ಲಕ್ಕೂ ಜೊಲ್ಲು. ಅದಕ್ಕೇ ಆಂಟಿವೈರಸ್ ಹುಟ್ಟಿತು. ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದು ನಿಜವಾಗಿಯೂ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆಂಟಿವೈರಸ್ ಕೆಲಸ ಮಾಡುವ ರೀತಿ ನಮಗೆ ಗೊತ್ತಿಲ್ಲದ್ದೇನಲ್ಲ. ಕಾಲುಬಾಯಿ ಲಸಿಕೆಯನ್ನೇ ನೋಡಿ. ನಮ್ಮ ದೇಶದಲ್ಲಿ ಹಾಕುವ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಯ ರೋಗಾಣುವಿನ ಗುರುತು ಇರುತ್ತದೆ. ಆ ಮೂರರಲ್ಲಿ ಒಂದು ಬಂದರೆ ಹಸುವಿನ ಮೈ ಗುರುತು ಹಿಡಿಯುತ್ತದೆ. ಗುರುತೇ ಇಲ್ಲದ್ದು ಬಂದರೆ? ಲಸಿಕೆ ಹಾಕಿಸಿದ ಹಸುವೂ ಮಲಗುತ್ತದೆ. ಆಂಟಿವೈರಸ್ ಕಂಪನಿಯೂ ಹೀಗೇ ಸಿಕ್ಕಿಬಿದ್ದ ಕೆಟ್ಟ ಕಾರ್ಯಕ್ರಮಗಳ ಬೆರಳಚ್ಚು ಸಂಗ್ರಹ ಮಾಡಿ ಇಟ್ಟುಕೊಂಡು, ನಿಮ್ಮ ಯಂತ್ರದಲ್ಲಿ ಇರುವುದನ್ನು ಅದರ ಜೊತೆ ಹೋಲಿಸುತ್ತದೆ. ಈಚೆಗೆ ನಡವಳಿಕೆ ನೋಡಿ ಅನುಮಾನ ಪಡುವ ಬುದ್ಧಿಯನ್ನೂ ಸೇರಿಸಿದ್ದಾರೆ. ಆದರೂ ಇವತ್ತು ಬೆಳಿಗ್ಗೆ ಹುಟ್ಟಿದ್ದು ಇವತ್ತು ಮಧ್ಯಾಹ್ನ ನಿಮ್ಮ ಫೋನಿಗೆ ಬಂದರೆ, ಅದರ ಬೆರಳಚ್ಚು ಇನ್ನೂ ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಫೋನಿಗೂ ವೈರಸ್ ಬಂದದ್ದುಂಟು. 2004ರಲ್ಲಿ ‘ಕ್ಯಾಬಿರ್’ ಎಂಬುದು ಆಗಿನ ಸಿಂಬಿಯನ್ ಫೋನುಗಳಲ್ಲಿ ಬ್ಲೂಟೂತ್ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಬ್ಯಾಟರಿ ತಿನ್ನುವುದು ಬಿಟ್ಟರೆ ಅದು ಹೆಚ್ಚಿನ ಹಾನಿ ಮಾಡಲಿಲ್ಲ. ಈಗಿನ ಫೋನುಗಳನ್ನು ಕಟ್ಟಿದವರು ಕಂಪ್ಯೂಟರಿನ ಪಾಡು ನೋಡಿ ಪಾಠ ಕಲಿತವರು. ಆದ್ದರಿಂದ ಕೊಟ್ಟಿಗೆಯ ರಚನೆಯನ್ನೇ ಬದಲಾಯಿಸಿದರು.

ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಇಡೀ ವಿಷಯ ಇದರ ಮೇಲೆ ನಿಂತಿದೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿಯೊಂದು ಆ್ಯಪನ್ನೂ ಬೇರೆ ಬೇರೆ ಗೂಟಕ್ಕೆ ಕಟ್ಟಿರುತ್ತಾರೆ. ಅದರದು ಅದಕ್ಕೆ ಗೋದಲಿ, ನಡುವೆ ಗೋಡೆ. ವಾಟ್ಸ್‌ಆ್ಯಪ್‌ನ ಗೋದಲಿಗೆ ಆಟದ ಆ್ಯಪ್ ಬಾಯಿ ಹಾಕುವಂತಿಲ್ಲ, ಬ್ಯಾಂಕಿನ ಆ್ಯಪ್ ಒಳಗೆ ಏನಿದೆ ಎಂದು ಟಾರ್ಚ್ ಆ್ಯಪ್ ಇಣುಕುವಂತಿಲ್ಲ. ಗೋಡೆಯಾಚೆಯದು ಏನಾದರೂ ಬೇಕಾದರೆ, ಅಂದರೆ ನಿಮ್ಮ ಮೆಸೇಜು, ಕ್ಯಾಮೆರಾ, ಫೋನ್ ಪುಸ್ತಕ ಬೇಕಾದರೆ, ಯಜಮಾನರ ಅಪ್ಪಣೆ ಕೇಳಬೇಕು. ‘ಅನುಮತಿಸುವುದೇ’ ಎಂದು ಪರದೆಯ ಮೇಲೆ ಕೇಳುತ್ತದಲ್ಲ, ಅದೇ. ಯಜಮಾನರು ಅಂದರೆ ನೀವು.

ಈಗ ಯೋಚನೆ ಮಾಡಿ. ಆಂಟಿವೈರಸ್ ಕೂಡ ಒಂದು ಆ್ಯಪ್ ತಾನೆ? ಅದನ್ನೂ ಹಾಗೇ ಒಂದು ಗೂಟಕ್ಕೆ ಕಟ್ಟಿರುತ್ತದೆ. ಕೊಟ್ಟಿಗೆಯಲ್ಲಿ ಯಾವ ಯಾವ ಹಸು ಇದೆ, ಅವುಗಳ ಕಿವಿಯ ಟ್ಯಾಗ್ ನಂಬರು ಏನು, ಮೇಲ್ನೋಟಕ್ಕೆ ಹೇಗಿವೆ ಎಂದು ಅದು ನೋಡಬಹುದು. ಪಕ್ಕದ ಹಸುವಿನ ಹೊಟ್ಟೆಯೊಳಗೆ ಏನಿದೆ ಎಂದು ಕೈ ಹಾಕಿ ನೋಡಲು ಅದಕ್ಕೆ ಅಧಿಕಾರವಿಲ್ಲ. ಕಂಪ್ಯೂಟರಿನಲ್ಲಿ ಆಂಟಿವೈರಸ್ ಪಶುವೈದ್ಯರ ಹಾಗೆ. ಫೋನಿನಲ್ಲಿ ಅದೇ ಇನ್ನೊಂದು ಹಸು. ಐಫೋನಿನಲ್ಲಂತೂ ಪಕ್ಕದ ಗೂಟದಲ್ಲಿ ಯಾರಿದ್ದಾರೆ ಎಂದು ನೋಡಲೂ ಬಿಡುವುದಿಲ್ಲ. ಕಂಪ್ಯೂಟರಿನ ಅರ್ಥದ ಆಂಟಿವೈರಸ್ ಐಫೋನಿಗೆ ಇಲ್ಲವೇ ಇಲ್ಲ. ಆ ಹೆಸರಿನಲ್ಲಿ ಮಾರುವುದು ಕೆಟ್ಟ ಜಾಲತಾಣ ತಡೆಯುವ ಸಾಧನವೋ, ಫೋಟೋ ಬೀರುವೋ, ಮತ್ತೊಂದೋ ಆಗಿರುತ್ತದೆ. ನಮ್ಮೂರಲ್ಲಿ ಐಫೋನ್ ಕಾಣುವುದು ಹಬ್ಬಕ್ಕೆ ಬೆಂಗಳೂರಿಂದ ಬರುವ ಮಕ್ಕಳ ಕೈಯಲ್ಲಿ. ಅವರಿಗೆ ಈ ಒಂದು ಮಾತು ಸಾಕು.

ಹಾಗಾದರೆ ಫೋನಿನ ಕೊಟ್ಟಿಗೆಗೆ ಪಶುವೈದ್ಯರೇ ಇಲ್ಲವೇ? ಇದ್ದಾರೆ. ನೀವು ಫೋನ್ ಕೊಂಡಾಗಲೇ ಜೊತೆಯಲ್ಲಿ ಬಂದಿದ್ದಾರೆ, ಬೇರೆ ಫೀಸಿಲ್ಲ. ಪ್ಲೇಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ನಿಮ್ಮ ಗುಂಡು ಚಿತ್ರ ಒತ್ತಿ, ‘ಪ್ಲೇ ಪ್ರೊಟೆಕ್ಟ್’ ಎಂದು ಕಾಣುತ್ತದೆ. ಗೂಗಲ್ ಸಂಸ್ಥೆ 2017ರಲ್ಲಿ ಇದನ್ನು ಈ ಹೆಸರಿನಲ್ಲಿ ಜಾರಿಗೆ ತಂದಿತು. ಫೋನಿನಲ್ಲಿರುವ ಆ್ಯಪ್‌ಗಳನ್ನು ಇದು ಆಗಾಗ ತಪಾಸಣೆ ಮಾಡುತ್ತಿರುತ್ತದೆ, ಪ್ಲೇಸ್ಟೋರಿನ ಹೊರಗಿನಿಂದ ಬಂದದ್ದನ್ನೂ ಬಿಡುವುದಿಲ್ಲ. 2023ರಲ್ಲಿ, ಹೊರಗಿನಿಂದ ಹಾಕುವ ಅಪರಿಚಿತ ಆ್ಯಪನ್ನು ಅಲ್ಲೇ ಬಿಚ್ಚಿ ಪರೀಕ್ಷಿಸುವ ವ್ಯವಸ್ಥೆಯನ್ನು ಮೊದಲು ಆರಂಭಿಸಿದ್ದೇ ನಮ್ಮ ಭಾರತದಲ್ಲಿ. ಇದು ನಮಗೆ ಹೆಮ್ಮೆಯೇನಲ್ಲ, ನಮ್ಮಲ್ಲಿ ಅಷ್ಟು ಜನ ಮೋಸ ಹೋಗುತ್ತಿದ್ದರು ಎಂದು ಅರ್ಥ ಮಾಡಿಕೊಳ್ಳಬಹುದು. ಈ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ಎಂದು ನೋಡಿಕೊಳ್ಳುವುದೊಂದೇ ಕೆಲಸ. ಅದಕ್ಕೆ ಅರ್ಧ ನಿಮಿಷ ಸಾಕು, ಮುನ್ನೂರು ರೂಪಾಯಿ ಬೇಕಾಗಿಲ್ಲ.

‘ಇರಲಿ ಬಿಡಿ, ಒಂದು ಆಂಟಿವೈರಸ್ ಜಾಸ್ತಿ ಇದ್ದರೆ ನಷ್ಟವೇನು?’ ಎಂದು ಕೆಲವರು ನನ್ನನ್ನು ಕೇಳಿದರು. ನಷ್ಟವಿದೆ. ಈ ವ್ಯಾಪಾರದ ಚರಿತ್ರೆಯನ್ನು ಸ್ವಲ್ಪ ಕೇಳಿ.

2014ರಲ್ಲಿ ಪ್ಲೇಸ್ಟೋರಿನಲ್ಲಿ ‘ವೈರಸ್ ಶೀಲ್ಡ್’ ಎಂಬ ಆ್ಯಪ್ ಬಂತು. ಬೆಲೆ ಸುಮಾರು 4 ಡಾಲರು. ಹತ್ತು ಸಾವಿರಕ್ಕೂ ಹೆಚ್ಚು ಜನ ಕೊಂಡರು, ಹಣ ಕೊಟ್ಟು ಕೊಳ್ಳುವ ಹೊಸ ಆ್ಯಪ್‌ಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ! ಒತ್ತಿದರೆ ಇಂಟು ಗುರುತು ಹೋಗಿ ರೈಟು ಗುರುತು ಬರುತ್ತಿತ್ತು, ಅಷ್ಟೇ. ಗೂಗಲ್ ಆ ಆ್ಯಪನ್ನು ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸು ಕೊಡಬೇಕಾಯಿತು. ನೀರು ಬೆರೆಸಿದ ಹಾಲನ್ನು ನಮ್ಮ ಡೈರಿಯ ಲ್ಯಾಕ್ಟೋಮೀಟರ್ ಹಿಡಿಯುತ್ತದೆ. ಇದು ಹಾಲೇ ಇಲ್ಲದ ಕ್ಯಾನು.

2019ರಲ್ಲಿ ಆಸ್ಟ್ರಿಯಾ ದೇಶದ ಎ.ವಿ. ಕಂಪ್ಯಾರೇಟಿವ್ಸ್ ಎಂಬ ಪರೀಕ್ಷಾ ಸಂಸ್ಥೆ ಆಂಡ್ರಾಯ್ಡಿನ 250 ಆಂಟಿವೈರಸ್ ಆ್ಯಪ್‌ಗಳನ್ನು ತಂದು, 2000 ಕೆಟ್ಟ ಆ್ಯಪ್‌ಗಳನ್ನು ಅವುಗಳ ಮುಂದಿಟ್ಟಿತು. ನೂರಕ್ಕೆ ಮೂವತ್ತನ್ನಾದರೂ ಹಿಡಿದವು ಎಷ್ಟು? 250ರಲ್ಲಿ 80. ಮಿಕ್ಕವು ನಪಾಸು. ಕೆಲವಂತೂ ಕಂಡದ್ದನ್ನೆಲ್ಲ ಕಳ್ಳ ಎಂದವು. ತಮಗೆ ಗೊತ್ತಿರುವ ಹೆಸರುಗಳ ಒಂದು ಪಟ್ಟಿ ಇಟ್ಟುಕೊಂಡು, ಪಟ್ಟಿಯಲ್ಲಿ ಇಲ್ಲದ್ದೆಲ್ಲ ಕೆಟ್ಟದ್ದು ಎಂದು ಹೇಳುವುದೇ ಅವುಗಳ ಬುದ್ಧಿ. ಅದರಲ್ಲೂ ಕೆಲವರು ತಮ್ಮ ಹೆಸರನ್ನೇ ಪಟ್ಟಿಗೆ ಸೇರಿಸುವುದನ್ನು ಮರೆತಿದ್ದರಿಂದ, ಅವರ ಆಂಟಿವೈರಸ್ ತನ್ನನ್ನು ತಾನೇ ವೈರಸ್ ಎಂದು ಕೂಗಿಕೊಂಡಿತು. ನ್ಯಾಯವಾಗಿ ಹೇಳಬೇಕು, ಅದೇ ಪರೀಕ್ಷೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆ್ಯಪ್‌ಗಳು ಎಲ್ಲವನ್ನೂ ಹಿಡಿದವು. ಒಳ್ಳೆಯ ಕಂಪನಿಗಳಿವೆ, ಇಲ್ಲ ಎನ್ನುವುದಿಲ್ಲ. ಆದರೆ ಅಂಗಡಿಗೆ ಹೋದ ನಮ್ಮ ನಿಮ್ಮಂಥವರಿಗೆ ಯಾವುದು ಯಾವುದು ಎಂದು ತಿಳಿಯುವುದು ಹೇಗೆ?

ಇನ್ನೂ ಕೆಟ್ಟದ್ದಿದೆ. 2022ರಲ್ಲಿ ‘ಶಾರ್ಕ್‌ಬಾಟ್’ ಎಂಬ ಬ್ಯಾಂಕ್ ಖಾತೆ ದೋಚುವ ಕಾರ್ಯಕ್ರಮ ಪ್ಲೇಸ್ಟೋರಿನೊಳಕ್ಕೇ ನುಸುಳಿತ್ತು. ಯಾವ ವೇಷದಲ್ಲಿ ಗೊತ್ತೇ? ಆಂಟಿವೈರಸ್ ವೇಷದಲ್ಲಿ. ಕಾವಲುಗಾರನ ಅಂಗಿ ಹಾಕಿಕೊಂಡು ಬಂದ ಕಳ್ಳ. ಇನ್ನು ಹೆಸರುವಾಸಿ ಕಂಪನಿಯ ಮಾತು. ‘ಅವಾಸ್ಟ್’ ಎಂಬ ದೊಡ್ಡ ಆಂಟಿವೈರಸ್ ಸಂಸ್ಥೆ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡುತ್ತಾರೆ ಎಂಬ ವಿವರವನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಯಿತು. ಆ ಅಂಗಸಂಸ್ಥೆಯನ್ನು ಮುಚ್ಚಿದರು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಒಂದು ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಕಾವಲಿಗೆ ಇಟ್ಟವನಿಗೆ ಮನೆಯ ಎಲ್ಲ ಕೋಣೆಯೂ ಗೊತ್ತಿರುತ್ತದೆ, ಅದೇ ತೊಡಕು. ಆಂಟಿವೈರಸ್ ಆ್ಯಪ್ ಹಾಕುವಾಗ ಅದು ಎಷ್ಟು ಅಪ್ಪಣೆ ಕೇಳುತ್ತದೆ ಎಂದು ಒಮ್ಮೆ ಎಣಿಸಿ ನೋಡಿ.

ಮಧ್ಯೆ ಒಂದು ಮಾತು. ಫೋನಿನಲ್ಲಿ ಏನೋ ಓದುತ್ತಿರುವಾಗ ಪರದೆ ತುಂಬಾ ಕೆಂಪು ಬಣ್ಣ ಬಂದು, ‘ನಿಮ್ಮ ಫೋನಿನಲ್ಲಿ ವೈರಸ್ ಇದೆ, ಈಗಲೇ ತೆಗೆಯಿರಿ’ ಎಂದು ಕಾಣುತ್ತದಲ್ಲ, ಅದು ಶುದ್ಧ ಸುಳ್ಳು. ನೀವು ಓದುತ್ತಿರುವ ಒಂದು ಪುಟಕ್ಕೆ ನಿಮ್ಮ ಫೋನನ್ನು ತಪಾಸಣೆ ಮಾಡುವ ಶಕ್ತಿಯೇ ಇಲ್ಲ. ಸಂತೆಯಲ್ಲಿ ದಾರಿಹೋಕನೊಬ್ಬ ನಿಮ್ಮ ಮುಖ ನೋಡಿ ‘ಮನೆಯಲ್ಲಿ ಎಮ್ಮೆಗೆ ಹುಷಾರಿಲ್ಲ, ಔಷಧಿ ತಗೊಳ್ಳಿ’ ಎಂದ ಹಾಗೆ. ಆ ಪುಟ ಮುಚ್ಚಿ, ಮುಂದಿನ ಕೆಲಸ ನೋಡಿ.

ಈಗ ನಮ್ಮ ಫೋನಿಗೆ ನಿಜವಾಗಿ ಬರುತ್ತಿರುವ ಕಾಯಿಲೆ ಯಾವುದು ಎಂದು ನೋಡೋಣ. ಅದು ತಾನಾಗಿ ಹರಡುವ ವೈರಸ್ ಅಲ್ಲ. ನಾವೇ ಬಾಗಿಲು ತೆಗೆದು, ಮಣೆ ಹಾಕಿ ಕೂರಿಸುವ ಅತಿಥಿ.

ಕಿಸಾನ್ ಸಮ್ಮಾನ್ ಹಣ ವರ್ಷಕ್ಕೆ 6000 ರೂಪಾಯಿ, ಮೂರು ಕಂತು ಎಂಬುದು ಎಲ್ಲರಿಗೂ ಗೊತ್ತು. ಕಂತು ಬರುವ ಹೊತ್ತಿಗೆ ಸರಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬರುತ್ತದೆ. ‘ಪಿ.ಎಂ. ಕಿಸಾನ್’ ಎಂಬ ಹೆಸರು, ಹಸಿರು ಬಣ್ಣ, ರೈತನ ಚಿತ್ರ. ಇಲ್ಲವೇ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಚಲನ್ ನೋಡಿ’ ಎಂದು ಬರುತ್ತದೆ. 2024ರಿಂದ ಈಚೆಗೆ ಮದುವೆ ಕರೆಯೋಲೆಯ ರೂಪದಲ್ಲೂ ಬರುತ್ತಿದೆ. ಕರೆಯೋಲೆ ಬಂದರೆ ತೆರೆಯದೇ ಇರುತ್ತೀವಾ? ಅದೂ ಗೊತ್ತಿರುವವರ ನಂಬರಿನಿಂದಲೇ ಬಂದರೆ? ಈ ಕಡತಗಳ ಹೆಸರಿನ ಬಾಲದಲ್ಲಿ ಒಂದು ಚುಕ್ಕೆ, ಅದರ ಮುಂದೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಓದು ಬಾರದವರೂ ಈ ಮೂರು ಅಕ್ಷರದ ಆಕಾರ ನೆನಪಿಟ್ಟುಕೊಳ್ಳಬೇಕು. ನಮ್ಮ ಡೈರಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಕರೆಯೋಲೆ ಚಿತ್ರವಾಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ, ಪಿ.ಡಿ.ಎಫ್. ಆಗಿಯೂ ಬರಬಹುದು. ಎ.ಪಿ.ಕೆ. ಎಂದರೆ ಅದು ಓಲೆಯಲ್ಲ, ಒಂದು ಇಡೀ ಆ್ಯಪ್.

ಒತ್ತಿದ ಕೂಡಲೇ ಏನಾಗುತ್ತದೆ? ಏನೂ ಆಗುವುದಿಲ್ಲ. ಫೋನು ತಡೆದು ಕೇಳುತ್ತದೆ: ಇದು ಪ್ಲೇಸ್ಟೋರಿನಿಂದ ಬಂದದ್ದಲ್ಲ, ವಾಟ್ಸ್‌ಆ್ಯಪ್‌ನಿಂದ ಬಂದ ಆ್ಯಪನ್ನು ಹಾಕಲು ಒಪ್ಪಿಗೆಯೇ? ಅಲ್ಲಿ ಬೇಡ ಎಂದರೆ ಕಥೆ ಮುಗಿಯಿತು. ಅವಸರದಲ್ಲಿ ಹೂಂ ಎನ್ನುತ್ತೇವೆ. ಪ್ಲೇ ಪ್ರೊಟೆಕ್ಟ್ ಇನ್ನೊಮ್ಮೆ ಎಚ್ಚರಿಸಬಹುದು. ಅದನ್ನು ಆಫ್ ಮಾಡಿ ಎಂದು ಕಳ್ಳನೇ ಮೊದಲು ಹೇಳಿಕೊಟ್ಟಿರುತ್ತಾನೆ. ಆಮೇಲೆ ಆ್ಯಪ್ ಒಳಗೆ ಬಂದು ಮೆಸೇಜು ಓದಲು ಅಪ್ಪಣೆ ಕೇಳುತ್ತದೆ. ಮದುವೆ ಕರೆಯೋಲೆಗೆ ನಿಮ್ಮ ಮೆಸೇಜು ಓದುವ ಕೆಲಸ ಏನಿದೆ? ಅಲ್ಲೂ ಹೂಂ ಎನ್ನುತ್ತೇವೆ. ಕೆಲವು ಇನ್ನೂ ಮುಂದೆ ಹೋಗಿ, ಕಣ್ಣು ಕಾಣದವರ ಅನುಕೂಲಕ್ಕೆಂದು ಮಾಡಿರುವ ‘ಆಕ್ಸೆಸಿಬಿಲಿಟಿ’ ಎಂಬ ಸೌಲಭ್ಯವನ್ನು ಕೇಳುತ್ತವೆ. ಅದನ್ನು ಕೊಟ್ಟರೆ ನಿಮ್ಮ ಪರದೆಯ ಮೇಲಿರುವುದನ್ನೆಲ್ಲ ಅದು ಓದುತ್ತದೆ, ನಿಮ್ಮ ಬದಲು ತಾನೇ ಗುಂಡಿ ಒತ್ತುತ್ತದೆ. ನಾನು ಹೇಳಿದ ಗೋಡೆಗಳೆಲ್ಲ ಒಳಗಿನಿಂದಲೇ ಬಿದ್ದಂತೆ. ಆಮೇಲೆ ಆ್ಯಪಿನ ಚಿತ್ರವೇ ಕಾಣೆಯಾಗುತ್ತದೆ, ‘ತೆರೆಯಲಿಲ್ಲ, ಕೆಟ್ಟಿರಬೇಕು’ ಎಂದು ನಾವು ಸುಮ್ಮನಾಗುತ್ತೇವೆ. ಬ್ಯಾಂಕಿನಿಂದ ಬರುವ ಓ.ಟಿ.ಪಿ. ನಮಗೆ ಕಾಣುವ ಮೊದಲೇ ಅವನಿಗೆ ತಲುಪುತ್ತದೆ. ನಮ್ಮ ನಂಬರಿನಿಂದ ಅದೇ ಕರೆಯೋಲೆ ಬೀಗರಿಗೆ, ನೆಂಟರಿಗೆ, ಡೈರಿ ಗುಂಪಿಗೆ ಹೋಗುತ್ತದೆ.

ಪಕ್ಕದ ಊರಿನ ಒಬ್ಬ ಉತ್ಪಾದಕರಿಗೆ ಆದದ್ದು ಹೀಗೇ. ಹೆಸರು ಬೇಡ, ಅವರೇನು ಅಪರಾಧ ಮಾಡಿದವರಲ್ಲ. ಷಡ್ಡಕನ ನಂಬರಿನಿಂದ ಬಂದ ಕರೆಯೋಲೆ, ರಾತ್ರಿ ಊಟ ಆದ ಮೇಲೆ ಒತ್ತಿದರು. ಬೆಳಿಗ್ಗೆ ಹಾಲು ಹಾಕಿ ಬರುವಷ್ಟರಲ್ಲಿ ಖಾತೆ ಬರಿದು. ಹಿಂಡಿ ಸಾಲ ತೀರಿಸಲು ಇಟ್ಟಿದ್ದ ಹಣ. ನಾನು ಅವರ ಫೋನು ನೋಡಿದಾಗ ಅದರಲ್ಲಿ ಒಂದು ಆಂಟಿವೈರಸ್ ಇತ್ತು, ಮಗ ಹಣ ಕೊಟ್ಟು ಹಾಕಿಸಿದ್ದ. ಹಸಿರು ಗುರುತು ತೋರಿಸುತ್ತಾ ‘ನಿಮ್ಮ ಸಾಧನ ಸುರಕ್ಷಿತವಾಗಿದೆ’ ಎನ್ನುತ್ತಿತ್ತು. ಕೆಟ್ಟ ಆ್ಯಪ್ ಇನ್ನೂ ಒಳಗೇ ಇತ್ತು. ಅವರು ನನಗೆ ಹೇಳಿದ ಮಾತು ಇದು: “ಸ್ವಾಮಿ, ಆಂಟಿವೈರಸ್ ಇದೆಯಲ್ಲ ಅಂತ ಧೈರ್ಯ ಮಾಡಿ ಒತ್ತಿದೆ.” ಹೆಚ್ಚು ಇದ್ದರೆ ನಷ್ಟವೇನು ಎಂದು ಕೇಳಿದವರಿಗೆ ನನ್ನ ಉತ್ತರ ಇದೇ.

ಇನ್ನು ಕೆಲವು ಮೋಸಕ್ಕೆ ಎ.ಪಿ.ಕೆ. ಕೂಡ ಬೇಕಿಲ್ಲ. ‘ಬ್ಯಾಂಕಿನಿಂದ ಮಾತಾಡ್ತಿದ್ದೀನಿ ಯಜಮಾನ್ರೇ, ಕೆ.ವೈ.ಸಿ. ಮುಗಿದಿದೆ, ಪ್ಲೇಸ್ಟೋರಿನಿಂದ ಈ ಆ್ಯಪ್ ಹಾಕ್ಕೊಳ್ಳಿ’ ಎಂದು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ಅದು ಕಂಪನಿಗಳು ದಿನನಿತ್ಯ ಬಳಸುವ ಪ್ರಾಮಾಣಿಕ ಆ್ಯಪ್. ಯಾವ ಆಂಟಿವೈರಸ್ಸೂ ಅದನ್ನು ಕೆಟ್ಟದ್ದು ಎನ್ನುವುದಿಲ್ಲ. ಹಣ ಕಳಿಸುತ್ತೇನೆ, ಪಿನ್ ಒತ್ತಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಒತ್ತುವುದು ಎಂಬುದು ಇಲ್ಲವೇ ಇಲ್ಲ ಕಣ್ರಪ್ಪ, ಪಿನ್ ಒತ್ತುವುದು ಹಣ ಹೋಗುವುದಕ್ಕೆ. ಪೊಲೀಸು ಬಟ್ಟೆ ಹಾಕಿಕೊಂಡು ವಿಡಿಯೋ ಕರೆಯಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. ಅಂಥ ಅರೆಸ್ಟು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಇವೆಲ್ಲ ಮಾತಿನ ಮೋಸ. ಮಾತಿಗೆ ಲಸಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಓದಿದ ಹುಡುಗರು ಪೆಗಾಸಸ್ ಬಗ್ಗೆ ಕೇಳುತ್ತಾರೆ. ಇಸ್ರೇಲಿನ ಎನ್.ಎಸ್.ಒ. ಸಂಸ್ಥೆ ಮಾಡಿದ ಅದು, ಏನೂ ಒತ್ತದಿದ್ದರೂ ಫೋನಿನೊಳಗೆ ಬರಬಲ್ಲದು, ನಿಜ. 2019ರಲ್ಲಿ ವಾಟ್ಸ್‌ಆ್ಯಪ್ ಕರೆಯ ಒಂದು ದೋಷ ಹಿಡಿದು ಅದು ಫೋನುಗಳಿಗೆ ನುಗ್ಗಿತ್ತು. ಅದನ್ನು ಅಂಗಡಿಯ ಆಂಟಿವೈರಸ್ ತಡೆಯಲಾರದು, ಮತ್ತು ಅಷ್ಟು ದುಬಾರಿ ಆಯುಧವನ್ನು ನಮ್ಮ ನಿಮ್ಮ ಹಾಲಿನ ಲೆಕ್ಕ ನೋಡಲು ಯಾರೂ ಬಳಸುವುದಿಲ್ಲ. ಅದು ಹೇಳಿಕೊಡುವ ಒಂದು ವಿಷಯ ಮಾತ್ರ ಇದೆ. ಫೋನಿನ ದೋಷ ಸರಿಮಾಡುವುದು ಅಪ್‌ಡೇಟ್, ಆಂಟಿವೈರಸ್ ಅಲ್ಲ.

ಈ ಅಪ್‌ಡೇಟಿನ ವಿಷಯದಲ್ಲಿ ನನಗೆ ಚಿಂತೆ ಇರುವುದು ನಮ್ಮ ತಾಯಂದಿರ ಬಗ್ಗೆ. ಮನೆಯಲ್ಲಿ ಹೊಸ ಫೋನು ಮಗನಿಗೆ, ಅವನ ಹಳೆಯದು ಅಪ್ಪನಿಗೆ, ಅಪ್ಪನ ಹಳೆಯದು ಅಮ್ಮನಿಗೆ. ಹಾಲಿನ ಹಣವೂ ಗೃಹಲಕ್ಷ್ಮಿ ಹಣವೂ ಬೀಳುವುದು ಅಮ್ಮನ ಖಾತೆಗೆ! ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾವಲು ಬೇಕಾದ ಫೋನು ಎಲ್ಲಕ್ಕಿಂತ ಹಳೆಯದು. ಅಗ್ಗದ ಫೋನುಗಳಿಗೆ ಕಂಪನಿಯವರು ಕೆಲವೇ ವರ್ಷ ಅಪ್‌ಡೇಟ್ ಕಳಿಸಿ ಕೈಬಿಡುತ್ತಾರೆ. ಸೆಟ್ಟಿಂಗ್ಸ್ ಒಳಗೆ ಫೋನಿನ ವಿವರದಲ್ಲೋ ಸೆಕ್ಯುರಿಟಿ ಎಂಬ ಕಡೆಯೋ ಕೊನೆಯ ಭದ್ರತಾ ಅಪ್‌ಡೇಟಿನ ತಾರೀಖು ಇರುತ್ತದೆ. ಅದು ಎರಡು ಮೂರು ವರ್ಷ ಹಿಂದಿನದಾಗಿದ್ದರೆ ಆ ಫೋನಿನಲ್ಲಿ ಮಾತಾಡಿ, ಹಾಡು ಕೇಳಿ, ಬ್ಯಾಂಕಿನ ಆ್ಯಪ್ ಮಾತ್ರ ಇಡಬೇಡಿ. ಮಗನಿಗೆ ಹೇಳಿ, ಹೊಸದು ಅಮ್ಮನಿಗೆ, ಹಳೆಯದು ನಿನಗೆ ಅಂತ. (ಯುವಕ ಮಿತ್ರರು ನಗುತ್ತಿದ್ದೀರಿ, ನಾನು ತಮಾಷೆಗೆ ಹೇಳುತ್ತಿಲ್ಲ.)

ಹಳೆಯ ಫೋನೇ ಗತಿ ಎನ್ನುವವರಿಗೆ, ಹೊರಗಿನಿಂದ ಆ್ಯಪ್ ಹಾಕಿಕೊಳ್ಳಲೇಬೇಕಾದ ಕೆಲಸದಲ್ಲಿರುವವರಿಗೆ, ಒಂದು ಒಳ್ಳೆಯ ಆಂಟಿವೈರಸ್ ಸ್ವಲ್ಪ ಆಸರೆಯಾದೀತು, ಅದನ್ನು ಒಪ್ಪುತ್ತೇನೆ. ಅವರಿಗೂ ಹಣ ಖರ್ಚು ಮಾಡುವ ಅಗತ್ಯ ಬೀಳಲಿಕ್ಕಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಎಂಬುದನ್ನು ಆರಂಭಿಸಿತು. ಅದರ ಮೂಲಕ ಹೈದರಾಬಾದಿನ ಸಿ-ಡ್ಯಾಕ್ ಸಂಸ್ಥೆ ತಯಾರಿಸಿದ ‘ಎಂ-ಕವಚ್’ ಎಂಬ ಆ್ಯಪನ್ನು ಉಚಿತವಾಗಿ ಕೊಟ್ಟಿದ್ದಾರೆ.

ಈಗ ಸಂಘದ ಕಂಪ್ಯೂಟರಿನ ಮಾತಿಗೆ ಬರುತ್ತೇನೆ. ನಿಮ್ಮ 300 ರೂಪಾಯಿ ನಿಜವಾಗಿ ಕೆಲಸಕ್ಕೆ ಬರುವ ಜಾಗ ಅದು. ಸದಸ್ಯರ ಹಾಲಿನ ಲೆಕ್ಕ, ಫ್ಯಾಟು, ಎಸ್.ಎನ್.ಎಫ್., ಖಾತೆ ನಂಬರು, ಎಲ್ಲ ಅದರೊಳಗಿದೆ. ಅದು ಕಂಪ್ಯೂಟರ್, ಮೊದಲಿಗೆ ಹೇಳಿದ ಹಗ್ಗವಿಲ್ಲದ ದೊಡ್ಡಿಯ ಜಾತಿಗೆ ಸೇರಿದ್ದು. ಅಲ್ಲಿ ಆಂಟಿವೈರಸ್ ಇರಲೇಬೇಕು. ಈಗಿನ ವಿಂಡೋಸ್ ಜೊತೆಯಲ್ಲಿ ಒಂದು ಬರುತ್ತದೆ, ಅದನ್ನು ಆಫ್ ಮಾಡದೆ ಇಟ್ಟರೆ ಮೊದಲ ಕೆಲಸ ಆಯಿತು. ಹಾಡು ತುಂಬಿಸಿಕೊಳ್ಳಲು ಬಂದವರ ಪೆನ್‌ಡ್ರೈವ್ ಅದಕ್ಕೆ ಚುಚ್ಚಬಾರದು. ದಿನದ ಲೆಕ್ಕದ ಒಂದು ಪ್ರತಿ ಬೇರೆ ಕಡೆ ಇರಬೇಕು, ಕಂಪ್ಯೂಟರಿಗೆ ಸದಾ ಅಂಟಿಕೊಂಡಿರದ ಕಡೆ.

ಸಹಕಾರಿ ರಂಗ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಗಣಕ ವ್ಯವಸ್ಥೆಗೆ ದುಷ್ಟ ತಂತ್ರಾಂಶ ನುಗ್ಗಿಸಿ, 28 ದೇಶಗಳ ಎ.ಟಿ.ಎಂ.ಗಳಿಂದಲೂ ಬೇರೆ ದಾರಿಯಿಂದಲೂ ಒಟ್ಟು ಸುಮಾರು 94 ಕೋಟಿ ರೂಪಾಯಿ ಎತ್ತಿದರು. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಗಣಕ ಸೇವೆ ಕೊಡುವ ಸಿ-ಎಡ್ಜ್ ಎಂಬ ಸಂಸ್ಥೆಯ ಮೇಲೆ ರಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಜಡಿದು ಸುಲಿಗೆಹಣ ಕೇಳುವ ತಂತ್ರಾಂಶದ ದಾಳಿಯಾಯಿತು. ಸೋಂಕು ಹರಡದಿರಲಿ ಎಂದು ರಾಷ್ಟ್ರೀಯ ಪಾವತಿ ನಿಗಮ ಆ ಸಂಸ್ಥೆಯ ಸಂಪರ್ಕವನ್ನೇ ಕಡಿದುಹಾಕಿತು. ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯು.ಪಿ.ಐ.ನಂಥ ಪಾವತಿ ನಿಂತಿತು. ಆ ಗ್ರಾಹಕರ ಫೋನಿನಲ್ಲಿ ಎಷ್ಟು ಆಂಟಿವೈರಸ್ ಇದ್ದಿದ್ದರೂ ಅದರಿಂದ ಏನೂ ಆಗುತ್ತಿರಲಿಲ್ಲ. ಸಂಘದ ಕಂಪ್ಯೂಟರ್ ಒಂದು ಬೆಳಿಗ್ಗೆ ಹೀಗೆ ಬೀಗ ಹಾಕಿಕೊಂಡು ಕೂತರೆ, ಆ ಬಟವಾಡೆ ಯಾವ ಆಧಾರದ ಮೇಲೆ ಮಾಡುತ್ತೀರಿ ಎಂದು ನಿರ್ದೇಶಕರನ್ನು ಕೇಳಿ.

ಆದ್ದರಿಂದ ಸಭೆಯ ಮುಂದೆ ನನ್ನ ಬದಲಿ ಸಲಹೆ ಇಡುತ್ತೇನೆ. ಸದಸ್ಯರಿಂದ ಹಣ ಹಿಡಿಯುವುದು ಬೇಡ. ಸಂಘದ ಖರ್ಚಿನಲ್ಲಿ ಲೆಕ್ಕದ ಪ್ರತಿ ಇಡುವ ಒಂದು ಡಿಸ್ಕ್ ಕೊಳ್ಳಲಿ. ಡೈರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾರ್ಯದರ್ಶಿಗಳೂ ಸೇರಿ ಯಾರೂ ಯಾವ ಆ್ಯಪ್ ಕಡತವನ್ನೂ ಹಾಕಕೂಡದು ಎಂದು ನಿರ್ಣಯವಾಗಲಿ. ಹಾಗಾದರೆ ಸಂಘದ ಹೆಸರಿನಲ್ಲಿ ಬಂದದ್ದು ಕಂಡ ಕೂಡಲೇ ಸುಳ್ಳು ಎಂದು ಗೊತ್ತಾಗುತ್ತದೆ. ಬೆಳೆ ಸಮೀಕ್ಷೆ ಆ್ಯಪ್ ಆಗಲಿ, ಬೇರೆ ಸರ್ಕಾರಿ ಆ್ಯಪ್ ಆಗಲಿ ಪ್ಲೇಸ್ಟೋರಿನಲ್ಲೇ ಸಿಗುತ್ತದೆ, ಅಲ್ಲಿಂದಲೇ ಹಾಕಿಕೊಳ್ಳಿ. ಬಟವಾಡೆಯ ದಿನ ಡೈರಿಯ ಜಗಲಿಯ ಮೇಲೆ ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು ಒಂದು ಗಂಟೆ ಕೂರಲಿ. ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ, ವಾಟ್ಸ್‌ಆ್ಯಪ್‌ಗೆ ಹೊರಗಿನ ಆ್ಯಪ್ ಹಾಕುವ ಒಪ್ಪಿಗೆ ಕೊಟ್ಟುಬಿಟ್ಟಿದ್ದೀವಾ, ಗೊತ್ತಿಲ್ಲದ ಆ್ಯಪ್ ಮೆಸೇಜು ಓದುತ್ತಿದೆಯೇ ಎಂದು ಹಿರಿಯರ ಫೋನು ನೋಡಿಕೊಡಲಿ. ನೋಡುವಾಗ ಪಿನ್ ಮಾತ್ರ ಅವರಿಗೂ ಹೇಳಬೇಡಿ, ಸ್ವಂತ ಮೊಮ್ಮಗನಾದರೂ.

ಇಷ್ಟಾದರೂ ಯಾರಿಗಾದರೂ ಮೋಸ ಆದರೆ ಏನು ಮಾಡಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ. ಮೊದಲು ಫೋನಿನ ಇಂಟರ್‌ನೆಟ್ ಬಂದ್ ಮಾಡಿ. ವಿಮಾನದ ಚಿತ್ರ ಇರುವ ಗುಂಡಿ ಒತ್ತಿದರೆ ಎಲ್ಲ ನಿಲ್ಲುತ್ತದೆ. ಆಮೇಲೆ ಬೇರೊಬ್ಬರ ಫೋನಿನಿಂದ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಅದು ಎ.ಟಿ.ಎಂ.ನಿಂದ ಹೊರಬೀಳುವ ಮೊದಲು ಆ ಖಾತೆಗಳನ್ನು ತಡೆಹಿಡಿಸುವ ವ್ಯವಸ್ಥೆ ಇದು. ಆದ್ದರಿಂದ ಗಂಟೆಗಳ ಲೆಕ್ಕ. ನಾಳೆ ಬೆಳಿಗ್ಗೆ ಮಗ ಬಂದ ಮೇಲೆ ನೋಡೋಣ ಎಂದರೆ ಹಣ ಸಿಗುವುದಿಲ್ಲ. ಕೂಡಲೇ ಬ್ಯಾಂಕಿಗೂ ತಿಳಿಸಿ, ತಿಳಿಸಿದ್ದಕ್ಕೆ ದೂರಿನ ನಂಬರು ಬರೆದಿಟ್ಟುಕೊಳ್ಳಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ, ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿತು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿ, ಗ್ರಾಹಕ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ ಎಂದು ಅದರಲ್ಲಿ ಹೇಳಿತು. ಗ್ರಾಹಕನೇ ಗುಟ್ಟಿನ ನಂಬರು ಬಿಟ್ಟುಕೊಟ್ಟಿದ್ದರೂ, ಅವನು ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕೇ ಹೊಣೆ ಎಂದೂ ಹೇಳಿತು. ನಿಮ್ಮ ಬ್ಯಾಂಕಿನಲ್ಲಿ ಈಗ ಇರುವ ನಿಯಮ ಕೇಳಿ ತಿಳಿದುಕೊಳ್ಳಿ. ಯಾವ ನಿಯಮವಾದರೂ ಬೇಗ ಬಂದವರ ಪರವಾಗಿಯೇ ಇರುತ್ತದೆ. ನಾಚಿಕೆ ಪಟ್ಟುಕೊಂಡು ಮನೆಯಲ್ಲಿ ಮುಚ್ಚಿಡಬೇಡಿ. ಪಕ್ಕದ ಊರಿನ ಆ ಉತ್ಪಾದಕರು ಎರಡು ದಿನ ಹೆಂಡತಿಗೂ ಹೇಳಿರಲಿಲ್ಲ.

ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಸಿ, ಆಮೇಲೆಯೇ ಬ್ಯಾಂಕಿನ ಆ್ಯಪ್ ಮತ್ತೆ ಹಾಕಿ. ಅಳಿಸುವ ಮೊದಲು ಕರೆಯೋಲೆಯ ಮೆಸೇಜು, ಹಣ ಹೋದ ಮೆಸೇಜು ಇವುಗಳ ಫೋಟೋವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ, ಪೊಲೀಸರು ಕೇಳುತ್ತಾರೆ. 1930 ಎಂಬ ನಂಬರನ್ನು ಡೈರಿಯ ಗೋಡೆಯ ಮೇಲೆ ಹಾಲಿನ ದರದ ಪಟ್ಟಿಯ ಪಕ್ಕದಲ್ಲೇ ಬರೆಸಲು ಅಧ್ಯಕ್ಷರು ಒಪ್ಪಿದ್ದಾರೆ. ಪ್ರಶ್ನೆಗಳಿದ್ದರೆ ಊಟಕ್ಕೆ ಏಳುವ ಮೊದಲು ಕೇಳಿ, ಫೋನು ಕೈಯಲ್ಲೇ ಇಟ್ಟುಕೊಂಡು ಬನ್ನಿ.